ಆ ಮೂರು ದಿನಗಳ ಯೋಗ: ನಿರ್ಧಾರ ಯಾರದು?

2018ರ ಜೂನ್ ತಿಂಗಳ ಎರಡನೆಯ ವಾರ. ಮೃಗಶಿರಾ ಮಳೆ ಒಂದೆರಡು ಸಲ ಸುರಿದು, ಗುತ್ತಲದ ಸುತ್ತಲಿನ ಹೊಲಗಳಲ್ಲಿ ಬಿತ್ತನೆ ಆರಂಭವಾಗಿತ್ತು. ಆಗ ನಾನು ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ಜೂನ್ 21ರ ಯೋಗ ದಿನಾಚರಣೆಗೆ ಹೆಣ್ಣುಮಕ್ಕಳಿಗೆ ತಾಲೀಮು ಕೊಡುವ ಹೊಣೆ, ಹಲವು ವರ್ಷ ಯೋಗಾಭ್ಯಾಸ ಮಾಡಿದವಳೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿತ್ತು.

ಬೆಳಗಿನ ಏಳು ಗಂಟೆಗೆ ಮೈದಾನದಲ್ಲಿ ಐವತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಎಂಟು ಮಂದಿ ಮಾತ್ರ ಬೇವಿನ ಮರದ ಕೆಳಗೆ ಕುಳಿತಿದ್ದರು. ಏಕೆಂದು ಕೇಳಿದೆ. ಅವರಲ್ಲೊಬ್ಬಳು ನೆಲ ನೋಡುತ್ತಲೇ, ‘ಕಡಿಗಾಗೇವ್ರಿ ಅಕ್ಕೋರ. ಇಂಥಾದ್ರಾಗ ಯೋಗ ಮಾಡಬಾರದಂತಲ್ರಿ’ ಎಂದಳು. ಮುಟ್ಟಾಗುವುದಕ್ಕೆ ನಮ್ಮ ಕಡೆಯ ಮಾತು ಅದು. ಒಳಗಿದ್ದವಳು ಒಂದು ಕಡೆಗೆ ಸರಿದು ಕೂತಳು ಎಂಬ ಅರ್ಥ ಅದರಲ್ಲಿದೆ. ‘ಆತು, ಕುಂದರ್ರಿ’ ಎಂದು ನಾನು ಮುಂದೆ ಹೋದೆ. ನನಗೆ ಯೋಗ ಕಲಿಸಿದವರೂ ಅದನ್ನೇ ಹೇಳಿದ್ದರು.

ಸೂರ್ಯನಮಸ್ಕಾರದ ಮೂರನೆಯ ಸುತ್ತಿನಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕುಸಿದು ಬಿದ್ದಳು. ಎತ್ತಿಕೊಂಡು ಒಳಗೆ ಒಯ್ದಾಗ ಅವಳ ಬಟ್ಟೆ ರಕ್ತದಿಂದ ತೊಯ್ದಿರುವುದು ಕಂಡಿತು. ಅವಳಿಗೆ ಹನ್ನೊಂದು ದಿನಗಳಿಂದ ರಕ್ತಸ್ರಾವವಾಗುತ್ತಿತ್ತು. ತಾಯಿಗೂ ತಿಳಿಸಿರಲಿಲ್ಲ. ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ‘ಹೇಳಿದ್ರ ನೀವು ಸಾಲಿನಾಗಿಂದ ತೆಗೀತಿದ್ರಿ ಅಕ್ಕೋರ’ ಎಂದಳು. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 6.4 ಗ್ರಾಂ ಇತ್ತು. ಆ ವಯಸ್ಸಿನ ಹುಡುಗಿಯಲ್ಲಿ ಕನಿಷ್ಠ 12 ಇರಬೇಕು. 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ.

ಆ ದಿನದ ಲೆಕ್ಕವನ್ನು ನಾನು ಈಗಲೂ ಹಾಕುತ್ತಿರುತ್ತೇನೆ. ಕುಳಿತಿರಬೇಕಾಗಿದ್ದ ಒಬ್ಬಳು ನಿಂತಿದ್ದಳು. ಮರದ ಕೆಳಗಿನ ಎಂಟು ಮಂದಿಯಲ್ಲಿ ಆರೇಳು ಮಂದಿಗಾದರೂ ಕುಳಿತುಕೊಳ್ಳುವ ಅಗತ್ಯವಿರಲಿಲ್ಲ. ಅರ್ಧ ಗಂಟೆಯ ನಂತರ ಅವರೇ ಅಂಗಳದಲ್ಲಿ ಹಗ್ಗ ಜಿಗಿಯುತ್ತಿದ್ದುದನ್ನು ಕಂಡೆ. ಮುಟ್ಟಾದವರು ಯೋಗ ಮಾಡಬಾರದು ಎಂಬ ಒಂದು ಸಾಲಿನ ನಿಯಮ ಒಂಬತ್ತು ಮಂದಿಯಲ್ಲಿ ಹೆಚ್ಚಿನವರ ವಿಷಯದಲ್ಲಿ ತಪ್ಪಾಗಿತ್ತು. ತಪ್ಪಿನಲ್ಲಿ ನನ್ನ ಪಾಲು ಸಣ್ಣದಲ್ಲ. ಹಿಂದಿನ ವರ್ಷ ಹದಿಹರೆಯದ ಬದಲಾವಣೆಗಳ ಪಾಠವನ್ನು ಅವರ ತರಗತಿಗೆ ಮಾಡಬೇಕಾಗಿದ್ದವಳು ನಾನು. ಗಂಡುಹುಡುಗರೂ ಕುಳಿತಿದ್ದ ತರಗತಿಯಲ್ಲಿ ಸಂಕೋಚವಾಗಿ, ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಮುಂದಿನ ಪಾಠಕ್ಕೆ ಹೊರಳಿದ್ದೆ.

ಅಂದಿನಿಂದ ಈ ನಿಯಮದ ಮೂಲವೆಲ್ಲಿ ಎಂದು ಹುಡುಕುವ ಗೀಳು ನನಗೆ ಹತ್ತಿಕೊಂಡಿತು. ಯೋಗಾಸನಗಳ ಶಾಸ್ತ್ರಗ್ರಂಥವೆಂದು ನಾವು ಮೊದಲು ಹೆಸರಿಸುವುದು ಸುಮಾರು 15ನೆಯ ಶತಮಾನದ ಹಠಯೋಗಪ್ರದೀಪಿಕೆಯನ್ನು. ಮುಟ್ಟಿನ ದಿನಗಳಲ್ಲಿ ಆಸನ ನಿಷಿದ್ಧ ಎಂಬ ಮಾತು ನನಗೆ ಅದರಲ್ಲಿ ಸಿಗಲಿಲ್ಲ. ಬಹುಮಟ್ಟಿಗೆ ಪುರುಷ ಸಾಧಕನನ್ನೇ ಎದುರಿಗಿಟ್ಟುಕೊಂಡು ಬರೆದ ಗ್ರಂಥಕ್ಕೆ ಆ ಪ್ರಶ್ನೆ ಎದುರಾಗಿರಲಿಕ್ಕಿಲ್ಲ. ಆಯುರ್ವೇದದ ಸುಶ್ರುತಸಂಹಿತೆಯಲ್ಲಿ ರಜಸ್ವಲೆಯ ಮೂರು ದಿನಗಳ ಚರ್ಯೆಯ ವಿವರಣೆ ಇದೆ ನಿಜ. ಆದರೆ ಅಲ್ಲಿ ವರ್ಜ್ಯವೆಂದು ಹೇಳಿದ ಪಟ್ಟಿಯಲ್ಲಿ ಹಗಲುನಿದ್ರೆ, ಕಾಡಿಗೆ, ಸ್ನಾನ, ಅಳು, ನಗು, ಅತಿಯಾದ ಮಾತು, ಓಟ ಎಲ್ಲವೂ ಸೇರಿವೆ. ನಗುವನ್ನೂ ಸ್ನಾನವನ್ನೂ ಬಿಡದ ನಾವು ಆ ಪಟ್ಟಿಯಿಂದ ಆಸನವೊಂದನ್ನೇ ಆಯ್ದುಕೊಳ್ಳಲು ಕಾರಣ ಬೇಕಲ್ಲವೆ?

ನಾವಿಂದು ಶಾಲೆಗಳಲ್ಲಿ ಮಾಡಿಸುವ ಆಸನಗಳ ಕ್ರಮ ರೂಪುಗೊಂಡದ್ದು ಬಹುಪಾಲು ನಮ್ಮ ನಾಡಿನಲ್ಲಿಯೇ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದರು. ಅಲ್ಲಿ ಮುಖ್ಯವಾಗಿ ಕಲಿತವರು ಹುಡುಗರು. ಅವರ ಮೈಕಟ್ಟಿಗೆ, ಅವರ ಚುರುಕಿಗೆ ತಕ್ಕಂತೆ ಅಭ್ಯಾಸ ಬೆಳೆಯಿತು. 1938ರ ಸುಮಾರಿಗೆ ಇಂದ್ರಾದೇವಿ ಎಂಬ ವಿದೇಶೀ ಮಹಿಳೆ ಅಲ್ಲಿ ಕಲಿಯಲು ಬಂದದ್ದೇ ಒಂದು ವಿಶೇಷ ಸಂಗತಿ ಎನಿಸಿತ್ತು. ಹುಡುಗರಿಗೆಂದು ಹೊಲಿದ ಅಂಗಿಯನ್ನು ಆಮೇಲೆ ಹೆಂಗಸರೂ ತೊಡುವಂತಾದಾಗ ಅದನ್ನು ಅಲ್ಲಲ್ಲಿ ಬಿಚ್ಚಿ ಹೊಲಿಯಬೇಕಾಯಿತು. ಮುಟ್ಟಿನ ನಿಯಮ ಅಂಥ ಒಂದು ಹೊಲಿಗೆ ಎಂದು ನನಗೆ ತೋರುತ್ತದೆ.

ಆ ಹೊಲಿಗೆಯನ್ನು ಎಲ್ಲರೂ ಒಂದೇ ಬಗೆಯಲ್ಲಿ ಹಾಕಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಕೃಷ್ಣಮಾಚಾರ್ಯರ ಶಿಷ್ಯರಾದ ಪಟ್ಟಾಭಿ ಜೋಯಿಸರ ಮೈಸೂರು ಪರಂಪರೆಯಲ್ಲಿ ಹೆಂಗಸರು ಮೊದಲ ಮೂರು ದಿನ ಅಭ್ಯಾಸವನ್ನೇ ಬಿಡುತ್ತಾರೆ. ವಿದೇಶೀ ವಿದ್ಯಾರ್ಥಿನಿಯರು ಅದನ್ನು ‘ಲೇಡೀಸ್ ಹಾಲಿಡೇ’ ಎಂದು ಕರೆಯುತ್ತಾರೆ. ಇನ್ನೊಬ್ಬ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರು 1966ರ ‘ಲೈಟ್ ಆನ್ ಯೋಗ’ ಪುಸ್ತಕದಲ್ಲಿ ಆ ದಿನಗಳಲ್ಲಿ ಆಸನ ಬೇಡವೆಂದರು. ಆದರೆ ಅದೇ ಉಸಿರಿನಲ್ಲಿ, ಸ್ರಾವ ಹೆಚ್ಚಾಗಿದ್ದರೆ ಉಪವಿಷ್ಟಕೋನಾಸನ, ಬದ್ಧಕೋನಾಸನ, ವೀರಾಸನ, ಜಾನುಶೀರ್ಷಾಸನ, ಪಶ್ಚಿಮೋತ್ತಾನಾಸನಗಳು ಹಿತ ಎಂದರು. ಶೀರ್ಷಾಸನ, ಸರ್ವಾಂಗಾಸನಗಳನ್ನು ಮಾತ್ರ ಖಂಡಿತ ಕೂಡದೆಂದರು. ಅವರ ಮಗಳು ಗೀತಾ ಅಯ್ಯಂಗಾರ್ ಇನ್ನೂ ಮುಂದೆ ಹೋದರು. ಹೆಣ್ಣಿನ ದೇಹವನ್ನೇ ಕೇಂದ್ರದಲ್ಲಿಟ್ಟು ಬರೆದ ಅವರ ಪುಸ್ತಕ 1983ರಲ್ಲಿ ಇಂಗ್ಲಿಷಿನಲ್ಲಿ ಬಂದಿತು. ದಿಂಬು, ಕಂಬಳಿಗಳ ಆಸರೆ ಕೊಟ್ಟು ಮುಟ್ಟಿನ ದಿನಗಳಿಗೆಂದೇ ಒಂದು ಆಸನಕ್ರಮವನ್ನು ಅವರು ಕಲಿಸಿದರು. ಒಬ್ಬನೇ ಗುರುವಿನ ಶಿಷ್ಯವರ್ಗದಲ್ಲಿ ಪೂರ್ಣ ರಜೆಯೂ ಇದೆ, ವಿಶೇಷ ಅಭ್ಯಾಸವೂ ಇದೆ. ‘ಯೋಗದಲ್ಲಿ ಹೀಗೇ ಹೇಳಿದೆ’ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದಾಗ ಈ ಭೇದವನ್ನು ನೆನೆಯುವುದು ಒಳ್ಳೆಯದು.

ತಲೆಕೆಳಗಿನ ಆಸನಗಳು ಬೇಡವೆನ್ನುವುದಕ್ಕೆ ಯೋಗದವರು ಕೊಡುವ ಕಾರಣ ಅಪಾನವಾಯುವಿನದು. ಮಲಮೂತ್ರ, ರಜಸ್ಸು ಮುಂತಾದುವನ್ನು ಕೆಳಮುಖವಾಗಿ ಹೊರಹಾಕುವ ಆ ವಾಯುವಿನ ಗತಿಯನ್ನು ತಲೆಕೆಳಗಾದ ದೇಹ ತಡೆಯುತ್ತದೆ ಎಂಬುದು ಅವರ ತರ್ಕ. ಆಧುನಿಕ ಭಾಷೆಯಲ್ಲಿ ಇದನ್ನೇ, ರಕ್ತ ಹಿಂದಕ್ಕೆ ಹರಿದು ಕಾಯಿಲೆಯಾಗುತ್ತದೆ ಎಂದು ಹೇಳುವುದುಂಟು. ಮುಟ್ಟಿನ ರಕ್ತ ಅಂಡನಾಳಗಳ ಮೂಲಕ ಸ್ವಲ್ಪಮಟ್ಟಿಗೆ ಹಿಂದಕ್ಕೆ ಹರಿಯುವುದು ನಿಜ. ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಗೆ ಇದನ್ನು ಕಾರಣವೆಂದು ಪ್ರತಿಪಾದಿಸಿದ. ಆದರೆ ಇಂಥ ಹಿಮ್ಮುಖ ಹರಿವು, ನೆಟ್ಟಗೆ ನಿಂತು ಓಡಾಡುವ ಬಹುಪಾಲು ಹೆಂಗಸರಲ್ಲಿಯೂ ಸಹಜವಾಗಿ ಆಗುತ್ತದೆ. ಕಾಯಿಲೆ ಬರುವುದು ಅವರಲ್ಲಿ ಕೆಲವರಿಗೆ ಮಾತ್ರ. ಕೆಲವು ನಿಮಿಷಗಳ ಸರ್ವಾಂಗಾಸನದಿಂದ ಅದು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ರಕ್ತವನ್ನು ಹೊರಕ್ಕೆ ತಳ್ಳುವ ಮುಖ್ಯ ಕೆಲಸ ಗರ್ಭಕೋಶದ ಸ್ನಾಯುಗಳದು. ಮಹಿಳೆಯರನ್ನು ಅಂತರಿಕ್ಷಕ್ಕೆ ಕಳುಹಿಸುವ ಮುಂಚೆ, ಭಾರವೇ ಇಲ್ಲದ ಕಡೆ ಮುಟ್ಟಿನ ಗತಿ ಏನಾದೀತೆಂಬ ಆತಂಕ ವೈದ್ಯರಿಗಿತ್ತು. ಸ್ಯಾಲಿ ರೈಡ್ 1983ರಲ್ಲಿ ಹೊರಟಾಗ ಒಂದು ವಾರದ ಯಾನಕ್ಕೆ ನೂರು ಟ್ಯಾಂಪನ್‌ಗಳು ಸಾಕೇ ಎಂದು ನಾಸಾದ ಎಂಜಿನಿಯರುಗಳು ಕೇಳಿದ್ದರು. ಮುಂದಿನ ವರ್ಷಗಳ ಅನುಭವದಿಂದ ತಿಳಿದದ್ದು ಇಷ್ಟೆ: ಅಲ್ಲಿಯೂ ಮುಟ್ಟು ಭೂಮಿಯ ಮೇಲಿನಂತೆಯೇ ಆಗುತ್ತದೆ.

ಹಾಗಾದರೆ ಆ ದಿನಗಳಲ್ಲಿ ಯೋಗ ಮಾಡಿದರೆ ಲಾಭವೇನು? ಕಿಬ್ಬೊಟ್ಟೆ ಹಿಂಡುವ ನೋವಿಗೆ ಮುಖ್ಯ ಕಾರಣ ಗರ್ಭಕೋಶದ ಒಳಪದರದಲ್ಲಿ ಉತ್ಪತ್ತಿಯಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು. ಅವು ಸ್ನಾಯುಗಳನ್ನು ಬಿಗಿಯುತ್ತವೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2019ರ ಪರಾಮರ್ಶೆಯಲ್ಲಿ ಯೋಗದ ಪ್ರಯೋಗಗಳೂ ಇದ್ದವು. ವಾರಕ್ಕೆ ಮೂರು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಷ್ಟು ವ್ಯಾಯಾಮ ಮಾಡಿದರೆ ಮುಟ್ಟಿನ ನೋವು ಗಮನಾರ್ಹವಾಗಿ ತಗ್ಗಬಹುದೆಂದು ಅದು ಹೇಳಿತು. ಪುರಾವೆಯ ಗುಣಮಟ್ಟ ಕಡಿಮೆ ಎಂಬುದನ್ನೂ ಮುಚ್ಚಿಡಲಿಲ್ಲ. ಯೋಗ ಎಲ್ಲ ರೋಗಗಳಿಗೂ ಮದ್ದು ಎನ್ನುವವರಿಗೆ ಈ ಎರಡನೆಯ ವಾಕ್ಯವೂ, ಮುಟ್ಟಾದವಳು ಚಾಪೆ ಮುಟ್ಟಬಾರದೆನ್ನುವವರಿಗೆ ಮೊದಲನೆಯ ವಾಕ್ಯವೂ ಕೇಳಿಸಬೇಕು.

ಆದರೆ ವಿಜ್ಞಾನದ ಮಾತು ಎಷ್ಟೇ ಆಡಿದರೂ ನಮ್ಮೂರಿನಲ್ಲಿ ಈ ನಿಯಮ ನಿಂತಿರುವುದು ಅಪಾನವಾಯುವಿನ ಮೇಲಲ್ಲ, ಮೈಲಿಗೆಯ ಮೇಲೆ. ಯೋಗವೆಂದರೆ ದೇವರ ಕೆಲಸ, ಓಂಕಾರ ಹೇಳಬೇಕು, ಶ್ಲೋಕ ಹೇಳಬೇಕು, ಆದ್ದರಿಂದ ಕಡಿಗಾದವಳು ದೂರವಿರಬೇಕು ಎಂಬ ಭಾವನೆ ಆ ಎಂಟು ಹುಡುಗಿಯರಲ್ಲಿತ್ತು. ಇದು ನನಗೆ ವಿಚಿತ್ರವಾಗಿ ಕಾಣಲು ಕಾರಣವಿದೆ. ಗುತ್ತಲವು ಗುತ್ತ ಅರಸರ ಗುತ್ತವೊಳಲು. ಅವರ ಕಾಲದ ಮುಕ್ತೇಶ್ವರ ದೇಗುಲವಿರುವ ಚೌಡಯ್ಯದಾನಪುರ ಇಲ್ಲಿಗೆ ಹತ್ತಿರ. ತುಂಗಭದ್ರೆಯ ದಡದ ಆ ಊರನ್ನು ಜನ ಅಂಬಿಗರ ಚೌಡಯ್ಯನ ಊರೆಂದು ನೆನೆಯುತ್ತಾರೆ. 12ನೆಯ ಶತಮಾನದ ಶರಣರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಜಾತಿ, ಜನನ, ಮರಣ, ಎಂಜಲುಗಳ ಸೂತಕದಂತೆಯೇ ಮುಟ್ಟಿನ ಸೂತಕವೂ ಲಿಂಗಧಾರಿಗೆ ಇಲ್ಲವೆಂಬುದು ಅವರ ನಿಲುವು. ಎಂಟು ಶತಮಾನಗಳ ಹಿಂದೆ ಈ ನಾಡಿನಲ್ಲಿ ಮುಗಿಯಬೇಕಾಗಿದ್ದ ವಿಚಾರವಿದು.

ಮುಗಿಯಲಿಲ್ಲ. ನನ್ನ ಅಜ್ಜಿ ಮುಟ್ಟಿನ ದಿನಗಳಲ್ಲಿಯೂ ಇಷ್ಟಲಿಂಗ ಪೂಜೆ ತಪ್ಪಿಸುತ್ತಿರಲಿಲ್ಲ. ‘ಲಿಂಗ ಕಟ್ಟಿಕೊಂಡಾಕಿಗೆ ಎಲ್ಲೀ ಸೂತಕ?’ ಎನ್ನುತ್ತಿದ್ದಳು. ಅದೇ ಅಜ್ಜಿ ನನಗೆ ಆ ದಿನಗಳಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಗೊಡುತ್ತಿರಲಿಲ್ಲ, ಹುಳ ಬೀಳುತ್ತದೆಯಂತೆ. ದೇವರು ಮುಟ್ಟಿಸಿಕೊಳ್ಳುತ್ತಾನೆ, ಮಾವಿನಕಾಯಿ ಮುಟ್ಟಿಸಿಕೊಳ್ಳುವುದಿಲ್ಲವೇ ಎಂದು ಕೇಳಿ ಬೈಸಿಕೊಂಡಿದ್ದೆ. ಹಳೆಯ ಸೂತಕವೊಂದು ಪೂಜೆಯ ಕೋಣೆಯಿಂದ ಹೊರಬಿದ್ದು ಅಡುಗೆಮನೆಗೆ ಸೇರಿತ್ತು. ಈಗ ಅಲ್ಲಿಂದಲೂ ಎದ್ದು ಯೋಗದ ಚಾಪೆಯ ಮೇಲೆ ಬಂದು ಕುಳಿತಿದೆ. ಆರೋಗ್ಯದ ಮಾತನಾಡುವುದರಿಂದ ಗುರುತು ಹತ್ತುವುದಿಲ್ಲ.

ಗುರುತು ಹಿಡಿಯಲು ನನ್ನ ಬಳಿ ಒಂದು ಸರಳ ಪರೀಕ್ಷೆ ಇದೆ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಹೆಣ್ಣಾಳುಗಳು ಮುಟ್ಟಿನ ಎರಡನೆಯ ದಿನವೂ ಬಗ್ಗಿ ಕಳೆ ಕೀಳುತ್ತಾರೆ, ಹತ್ತಿ ಬಿಡಿಸುತ್ತಾರೆ. ರಾಣೆಬೆನ್ನೂರು ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ದಿನವಿಡೀ ನಿಂತು ಹೂವಿಗೆ ಹೂವು ಮುಟ್ಟಿಸಿ ಕ್ರಾಸಿಂಗ್ ಮಾಡುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟಿನ ನಡುವೆ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕುಳಿತು ತೊಟ್ಟು ಬಿಡಿಸುತ್ತಾರೆ. ‘ಇವತ್ತು ಬಗ್ಗಬೇಡವ್ವಾ, ಅಪಾನವಾಯು ಕೆಡುತ್ತದೆ’ ಎಂದು ಅವರಿಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ದುಡಿಮೆಗೆ ಬಗ್ಗಿದರೆ ಇಲ್ಲದ ತೊಂದರೆ ತನ್ನ ಸುಖಕ್ಕಾಗಿ ಬಗ್ಗಿದರೆ ಬರುತ್ತದೆ ಎಂದಾದರೆ ಆ ತೊಂದರೆ ದೇಹದ್ದಲ್ಲ. ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸ್ವಾಗತಾರ್ಹವೇ. ಆದರೆ ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸುವ ತೊಟ್ಟು ಬಿಡಿಸುವವಳಿಗೆ ವೇತನವೆಂಬುದೇ ಇಲ್ಲದಿರುವಾಗ ವೇತನಸಹಿತ ರಜೆ ಎಲ್ಲಿಂದ ಬರಬೇಕು?

ಈ ಮೌನದ ಬೆಲೆ ಬರಿಯ ತಾಲೀಮು ತಪ್ಪುವುದಲ್ಲ. ಕುಸಿದು ಬಿದ್ದ ಹುಡುಗಿಯ ತಾಯಿಯನ್ನು ಅಂದು ಹೊಲದಿಂದ ಆಸ್ಪತ್ರೆಗೆ ಕರೆಸಿದೆವು. ಮಗಳ ಕೈ ಹಿಡಿದು ಕುಳಿತ ಆಕೆ, ‘ನನಗೂ ಹಿಂಗ ಆಕ್ಕಿತ್ರಿ. ಮೂವತ್ತರಾಗ ಗರ್ಭಚೀಲ ತೆಗಿಸಿದ ಮ್ಯಾಲ ನಿಂತ್ತು’ ಎಂದಳು. ಹಲ್ಲು ಕೀಳಿಸಿದಷ್ಟು ಸಹಜವಾಗಿ ಹೇಳಿದಳು. ಇದು ಆಕೆಯೊಬ್ಬಳ ಕಥೆಯಲ್ಲ. 2010ರ ದಶಕದಲ್ಲಿ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂದು ಆರೋಪಿಸಿ ನೂರಾರು ಮಹಿಳೆಯರು ಬೀದಿಗಿಳಿದದ್ದನ್ನು, ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದನ್ನು ಓದುಗರು ಬಲ್ಲರು. ಅವರಲ್ಲಿ ಹೆಚ್ಚಿನವರು ಲಂಬಾಣಿ ತಾಂಡಾಗಳ ಕೂಲಿಕಾರ ಹೆಂಗಸರು. ಅಲ್ಲಿಯ ತಪ್ಪುಒಪ್ಪನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಎಷ್ಟು ರಕ್ತ ಹೋದರೆ ಸಹಜ, ಎಷ್ಟು ಹೋದರೆ ಕಾಯಿಲೆ ಎಂಬುದನ್ನು ಹದಿನಾಲ್ಕರಲ್ಲಿ ಯಾರೂ ಹೇಳಿಕೊಡದ ಹುಡುಗಿ, ಮೂವತ್ತರಲ್ಲಿ ವೈದ್ಯರ ಎದುರು ಕುಳಿತಾಗ ಏನೆಂದು ಪ್ರಶ್ನಿಸಿಯಾಳು?

ಆದ್ದರಿಂದ ನನಗೆ ಅನ್ನಿಸುವುದಿಷ್ಟು. ಮುಟ್ಟಿನ ದಿನ ಯೋಗ ಮಾಡಬೇಕೆಂಬುದೂ ಮಾಡಬಾರದೆಂಬುದೂ ನಿಯಮವಾಗಕೂಡದು. ಮಾಡುವ ಮೈ ಯಾರದೋ ನಿರ್ಧಾರವೂ ಅವಳದು. ಗುರುವಾದವರು ಆ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆಯನ್ನು ಕೊಡಬೇಕು. ಹುಷಾರಾಗಿರುವವಳು ಎಂದಿನಂತೆ ಆಸನ ಮಾಡಬಹುದು. ಸೊಂಟ, ಕಿಬ್ಬೊಟ್ಟೆ ನೋಯುತ್ತಿದ್ದರೆ ಗೋಡೆಗೆ ಒರಗಿ ಬದ್ಧಕೋನಾಸನ, ಬೆನ್ನಿಗೆ ದಿಂಬು ಕೊಟ್ಟು ಸುಪ್ತ ಬದ್ಧಕೋನಾಸನ, ಮೆಲ್ಲಗೆ ಮಾರ್ಜಾಲಾಸನ, ಕೊನೆಗೆ ಶವಾಸನ ಸಾಕು. ಹೊಟ್ಟೆಯನ್ನು ಎಳೆದು ಹಿಂಡುವ ನೌಲಿ, ಉಡ್ಡಿಯಾನ, ರಭಸದ ಕಪಾಲಭಾತಿ ಸ್ರಾವ ಹೆಚ್ಚಿರುವಾಗ ಹಿತವೆನಿಸುವುದಿಲ್ಲ. ಬಿಟ್ಟರೆ ನಷ್ಟವೂ ಇಲ್ಲ. ತಲೆಕೆಳಗಿನ ಆಸನಗಳನ್ನು ತನ್ನ ಪರಂಪರೆಯ ಮೇಲಿನ ಗೌರವದಿಂದ ಬಿಡುವವಳು ಬಿಡಲಿ, ಹೆದರಿ ಬಿಡುವುದು ಬೇಡ. ಏನೂ ಬೇಡ, ಮಲಗುತ್ತೇನೆ ಎನ್ನುವವಳು ಮಲಗಲಿ. ವಿಶ್ರಾಂತಿ ಅವಳಾಗಿ ಆರಿಸಿಕೊಂಡದ್ದಾಗಿರಬೇಕು.

ಇದಕ್ಕಿಂತ ಮುಖ್ಯವಾಗಿ ಯೋಗ ಕಲಿಸುವವರು ಹೇಳಲೇಬೇಕಾದ ಕೆಲವು ಮಾತುಗಳಿವೆ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30–40 ಮಿಲಿಲೀಟರ್. 80 ಮೀರಿದರೆ ಅತಿಸ್ರಾವ. ಅಳೆಯಲು ಯಾರ ಬಳಿಯೂ ಪಾತ್ರೆ ಇರುವುದಿಲ್ಲವಾದ್ದರಿಂದ ಹೀಗೆ ತಿಳಿಯಬೇಕು: ಗಂಟೆ, ಎರಡು ಗಂಟೆಗೊಮ್ಮೆ ಪ್ಯಾಡ್ ಅಥವಾ ಬಟ್ಟೆ ಪೂರ್ತಿ ತೊಯ್ದರೆ, ಏಳು ದಿನ ಮೀರಿದರೂ ನಿಲ್ಲದಿದ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ತಲೆ ಸುತ್ತಿದರೆ, ಶಾಲೆ ತಪ್ಪಿಸುವಷ್ಟು ನೋವಾದರೆ ಅದಕ್ಕೆ ಆಸನವೂ ಮದ್ದಲ್ಲ, ಸಹನೆಯೂ ಮದ್ದಲ್ಲ, ವೈದ್ಯರಿಗೆ ತೋರಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದರಂತೆ ಕೊಡಲೆಂದು ಇರುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಹುಡುಗಿಯರು ನುಂಗಿದರೋ, ಕಿಟಕಿಯಿಂದಾಚೆ ಎಸೆದರೋ ನೋಡುವವರು ಬೇಕು. ಯೋಗ ದಿನಕ್ಕೆ ಹೊಸ ಟೀ ಶರ್ಟ್ ಹಂಚುವ ಮೊದಲು ಈ ಕೆಲಸ ಆಗಬೇಕು.

ಆ ಹುಡುಗಿ ಚೇತರಿಸಿಕೊಂಡಳು. ಸ್ರಾವ ನಿಲ್ಲಲು ಔಷಧಿ, ತಿಂಗಳುಗಟ್ಟಲೆ ಕಬ್ಬಿಣಾಂಶದ ಮಾತ್ರೆ, ಇಷ್ಟರಿಂದಲೇ ಗುಣವಾಯಿತು. ಗರ್ಭಚೀಲದ ಮಾತು ಬರಲಿಲ್ಲ. 2019ರ ಯೋಗ ದಿನಕ್ಕೆ ಅವಳು ಮುಂದಿನ ಸಾಲಿನಲ್ಲಿದ್ದಳು. ಆ ವರ್ಷ ಹದಿಹರೆಯದ ಪಾಠವನ್ನು ನಾನು ಹುಡುಗ ಹುಡುಗಿಯರನ್ನು ಕೂರಿಸಿಯೇ ಮಾಡಿದೆ. ಮೊದಲ ಹತ್ತು ನಿಮಿಷ ಕಿಸಿಕಿಸಿ ನಗು ಇತ್ತು. ಆಮೇಲೆ ಒಬ್ಬ ಹುಡುಗ ಎದ್ದು, ‘ನಮ್ಮ ಅಕ್ಕಗ ಬಾಳ ತ್ರಾಸ ಆಕ್ಕೈತ್ರಿ, ಏನು ಮಾಡಬೇಕ್ರಿ?’ ಎಂದು ಕೇಳಿದ. ನಗು ನಿಂತುಹೋಯಿತು.

ನಿವೃತ್ತಿಯ ನಂತರ ಈಗ ಮನೆಯ ಅಂಗಳದಲ್ಲಿ ಹತ್ತಾರು ಹೆಂಗಸರಿಗೆ, ಹುಡುಗಿಯರಿಗೆ ಯೋಗ ಹೇಳಿಕೊಡುತ್ತೇನೆ. ಕಡಿಗಾದವರು ಬರಬಾರದೆಂಬ ನಿಯಮ ಅಲ್ಲಿಲ್ಲ, ಬರಲೇಬೇಕೆಂಬುದೂ ಇಲ್ಲ. ಚಾಪೆ ಹಾಸುವ ಮೊದಲು ಎಲ್ಲರನ್ನೂ ಒಂದು ಮಾತು ಕೇಳುತ್ತೇನೆ: ‘ಇವತ್ತ ಮೈ ಹೆಂಗೈತಿ?’ ಮೊದಮೊದಲು ‘ಆರಾಮ ಐತ್ರಿ’ ಎಂಬ ಒಂದೇ ಉತ್ತರ ಬರುತ್ತಿತ್ತು. ಈಗ, ‘ಎರಡನೇ ದಿನಾರಿ, ಸೊಂಟ ಹಿಡದೈತಿ, ದಿಂಬು ಕೊಡ್ರಿ’ ಎನ್ನುತ್ತಾರೆ. ದಿಂಬು ಕೊಡುತ್ತೇನೆ. ಆ ಬೇವಿನ ಮರದ ಕೆಳಗೆ ಅಂದೇ ಇದನ್ನು ಕೇಳಿದ್ದರೆ ಒಬ್ಬ ಹುಡುಗಿ ಬೀಳುತ್ತಿರಲಿಲ್ಲ.